ನಾನೊಬ್ಬ ಬದಲಾದರೆ ಕಾರ್ಬನ್ ಕಡಿಮೆಯಾಗುತ್ತಾ?

"ಇಷ್ಟು ಕೋಟಿ ಜನರ ನಡುವೆ ನಾನೊಬ್ಬ ಬದಲಾದರೆ ಏನು ಪ್ರಯೋಜನ?" ಅಂತ ಕೇಳಿದ್ದೀರಿ. ಪ್ರಯೋಜನ ಖಂಡಿತ ಇದೆ. ಆದರೆ ಯಾವುದನ್ನು ಬದಲಾಯಿಸುತ್ತೀರಿ ಅನ್ನೋದು ಮುಖ್ಯ.

ಒಂದು ಲೀಟರ್ ಪೆಟ್ರೋಲ್ ತೂಗುವುದು ಮುಕ್ಕಾಲು ಕಿಲೋ ಅಷ್ಟೇ. ಅದು ಉರಿದಾಗ ಹೊರಬರುವ ಕಾರ್ಬನ್ ಡೈಆಕ್ಸೈಡ್ ಮಾತ್ರ ಸುಮಾರು 2.3 ಕಿಲೋ! ಉರಿಯುವಾಗ ಗಾಳಿಯ ಆಮ್ಲಜನಕವೂ ಸೇರಿಕೊಳ್ಳುತ್ತದೆ, ಅದಕ್ಕೇ ಇಷ್ಟು ತೂಕ. ಹಾಗಾಗಿ ಹತ್ತಿರದ ಜಾಗಕ್ಕೆ ನಡೆದು ಹೋಗುವುದು, ದೂರಕ್ಕೆ ಬಸ್ಸು, ರೈಲು ಹಿಡಿಯುವುದು ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ವಿಮಾನ ಪ್ರಯಾಣ ಮತ್ತು ದನದ ಮಾಂಸ ಕಡಿಮೆ ಮಾಡಿದರೂ ಹಾಗೇ, ಲೆಕ್ಕಕ್ಕೆ ಬರುತ್ತದೆ. ಫೋನ್ ಚಾರ್ಜರ್ ಕಿತ್ತಿಡುವುದರಿಂದ ಉಳಿಯುವುದು ತೀರಾ ಸ್ವಲ್ಪ.

ಆದರೆ ಬಸ್ಸೇ ಇಲ್ಲದ ಕಡೆ ಬಸ್ ಹತ್ತಿ ಅಂದರೆ ಹೇಗೆ, ಅಲ್ವಾ? ಅಲ್ಲಿ ಬಸ್ ಬೇಕು ಅಂತ ಒಟ್ಟಾಗಿ ಕೇಳಲೇಬೇಕು. ಜನ ಒಟ್ಟಾದರೆ ಏನಾಗುತ್ತದೆ ಅನ್ನೋದಕ್ಕೆ ಒಂದು ಉದಾಹರಣೆ ನೋಡಿ. 1970ರ ದಶಕದಲ್ಲಿ ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಕೆಲವು ಅನಿಲಗಳಿಂದ ಓಝೋನ್ ಪದರಕ್ಕೆ ಅಪಾಯ ಅಂತ ಗೊತ್ತಾದಾಗ ಅಮೆರಿಕದಲ್ಲಿ ಎಷ್ಟೋ ಜನ ಆ ಡಬ್ಬಿ ಕೊಳ್ಳುವುದನ್ನೇ ಬಿಟ್ಟರು. ನಿಷೇಧ ಬಂದಿದ್ದು ಆಮೇಲೆ. 1987ರಲ್ಲಿ ಆ ಅನಿಲಗಳ ಬಳಕೆ ತಗ್ಗಿಸಲು ದೇಶಗಳ ನಡುವೆ ಮಾಂಟ್ರಿಯಲ್ ಒಪ್ಪಂದವೂ ಆಯಿತು. ಆ ಅನಿಲಗಳು ಭೂಮಿಯನ್ನೂ ಬಿಸಿ ಮಾಡುತ್ತಿದ್ದವು. ಹಾಗಾಗಿ ಎರಡು ಲಾಭ ಒಟ್ಟಿಗೇ ಸಿಕ್ಕಿತು.

ಮೊದಲು ನಿಮ್ಮ ಒಂದು ತಿಂಗಳ ಓಡಾಟ ಬರೆದಿಡಿ. ಆಮೇಲೆ ಅದೇ ದಾರಿಯಲ್ಲಿ ಓಡಾಡುವ ನಾಲ್ಕು ಜನರನ್ನು ಸೇರಿಸಿಕೊಂಡು ಬಸ್ಸಿಗಾಗಿ ಅರ್ಜಿ ಕೊಡಿ.