ಸಂಪಾದಕರ ಉತ್ತರ: ಡ್ರಾಕುಲಾ ಬೇಟೆಯ ಕಾಗದಪತ್ರಗಳು

ಮಾನ್ಯರೇ,

ಬ್ರಾಮ್ ಸ್ಟೋಕರ್ ಅವರ ರಕ್ತ ಹೀರುವ ರಕ್ಕಸನ ಕಥೆ 'ಡ್ರಾಕುಲಾ' ಕುರಿತು ನಮ್ಮ ಹಿಂದಿನ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ, ಆ ಕಾದಂಬರಿಯನ್ನೂ ತರಿಸಿಕೊಂಡು ಓದಿ ತಾವು ಬರೆದ ಪತ್ರ ತಲುಪಿದೆ. ಡ್ರಾಕುಲಾನ ಕೋಟೆಯ ಮೊದಲ ನಾಲ್ಕು ಅಧ್ಯಾಯಗಳು ನಿದ್ದೆಗೆಡಿಸಿದವು, ಆಮೇಲೆ ದಿನಚರಿ, ತಂತಿ, ರೈಲಿನ ವೇಳಾಪಟ್ಟಿ, ಬಂಡಿಯವರ ಲೆಕ್ಕ ಇವುಗಳಲ್ಲೇ ಕಥೆ ಸೊರಗಿತು, ರಕ್ಕಸನ ಬೇಟೆಯೆಂದು ಕೈಗೆತ್ತಿಕೊಂಡರೆ ಕಚೇರಿಯ ಕಡತ ಓದಿದಂತಾಯಿತು ಎಂಬುದು ತಮ್ಮ ಮುಖ್ಯ ಆಕ್ಷೇಪ. ಡ್ರಾಕುಲಾ ಹಾಡಹಗಲಲ್ಲಿ ಓಡಾಡುವುದು ಲೇಖಕರ ಎಡವಟ್ಟಲ್ಲವೇ, ಕೊನೆಯಲ್ಲಿ ಅವನು ಅಷ್ಟು ಸುಲಭವಾಗಿ ಸತ್ತದ್ದು ಹೇಗೆ, ಸ್ಟೋಕರ್‌ಗೆ ನಮ್ಮ ಬೇತಾಳನ ಪರಿಚಯವಿತ್ತೇ ಎಂದೂ ಕೇಳಿದ್ದೀರಿ.

ಕಡತವೆಂಬ ತಮ್ಮ ಮಾತನ್ನು ಒಪ್ಪುತ್ತೇನೆ. ಅದು ದೋಷವೆಂಬುದನ್ನು ಮಾತ್ರ ಒಪ್ಪಲಾರೆ. 1847ರಲ್ಲಿ ಡಬ್ಲಿನ್ ಬಳಿ ಹುಟ್ಟಿದ ಸ್ಟೋಕರ್ ಮೊದಲು ಸರ್ಕಾರಿ ಗುಮಾಸ್ತರಾಗಿದ್ದವರು; 1879ರಲ್ಲಿ ಅವರ ಹೆಸರಿನಲ್ಲಿ ಪ್ರಕಟವಾದ ಪುಸ್ತಕವೊಂದು ಐರ್ಲೆಂಡಿನ ಕೆಳ ನ್ಯಾಯಾಲಯಗಳ ಗುಮಾಸ್ತರ ಕರ್ತವ್ಯಗಳನ್ನು ವಿವರಿಸುವ ಕೈಪಿಡಿ. ಆಮೇಲೆ ನಟ ಹೆನ್ರಿ ಇರ್ವಿಂಗ್ ಅವರ ಲಂಡನ್ನಿನ ಲೈಸಿಯಂ ನಾಟಕಶಾಲೆಯ ವ್ಯವಹಾರವನ್ನು ವರ್ಷಗಟ್ಟಲೆ ನೋಡಿಕೊಂಡರು. ಟಪಾಲು, ಲೆಕ್ಕ, ಪ್ರವಾಸದ ಏರ್ಪಾಡು ಇವುಗಳಲ್ಲೇ ಮುಳುಗಿದ್ದ ವ್ಯಕ್ತಿ 1897ರಲ್ಲಿ ರಕ್ಕಸನ ಕಥೆ ಪ್ರಕಟಿಸಿದಾಗ, ಅವನನ್ನು ಹಿಡಿಯುವ ಸಾಧನವಾಗಿ ಕಾಗದವನ್ನೇ ಆರಿಸಿಕೊಂಡರು. ಶಿಲುಬೆ, ಬೆಳ್ಳುಳ್ಳಿಗಳೇನೋ ಇವೆ. ಆದರೆ ಅವು ಕಾಯುತ್ತವೆಯೇ ಹೊರತು ಹುಡುಕಿಕೊಡುವುದಿಲ್ಲ.

ತಾವು ಹಾರಿಸಿ ಓದಿರಬಹುದಾದ ಒಂದು ಸಾಲಿನತ್ತ ಗಮನ ಸೆಳೆಯುತ್ತೇನೆ. ಡ್ರಾಕುಲಾನ ಕಣ್ಣಿಗೆ ಬಿದ್ದ ತರುಣಿ ಲೂಸಿಯ ರಕ್ತ ದಿನೇ ದಿನೇ ಇಂಗುತ್ತಿರುವಾಗ, ಈ ರಾತ್ರಿ ಅವಳ ಮನೆಯಲ್ಲಿ ತಪ್ಪದೆ ಇರು ಎಂದು ಪ್ರೊಫೆಸರ್ ವ್ಯಾನ್ ಹೆಲ್ಸಿಂಗ್ ಬೆಲ್ಜಿಯಂನ ಆಂಟ್‌ವರ್ಪ್‌ನಿಂದ ಅವಳಿಗೆ ಚಿಕಿತ್ಸೆ ಮಾಡುತ್ತಿದ್ದ ತಮ್ಮ ಶಿಷ್ಯ ಡಾಕ್ಟರ್ ಸೀವರ್ಡ್‌ಗೆ ತಂತಿ ಕಳುಹಿಸುತ್ತಾರೆ. ವಿಳಾಸದಲ್ಲಿ ಕೌಂಟಿಯ (ಜಿಲ್ಲೆಯ) ಹೆಸರಿಲ್ಲದ ಕಾರಣ ತಂತಿ ಬೇರೊಂದು ಜಿಲ್ಲೆಯಾದ ಸಸೆಕ್ಸ್‌ಗೆ ಹೋಗಿ, 22 ಗಂಟೆ ತಡವಾಗಿ ಕೈಸೇರಿತು ಎಂಬ ಟಿಪ್ಪಣಿ ಕಂಸದೊಳಗೆ ಇದೆ. ಆ ರಾತ್ರಿಯೇ ತೋಳ ಕಿಟಕಿಯ ಗಾಜು ಒಡೆಯುತ್ತದೆ, ಗಾಬರಿಗೊಂಡ ತಾಯಿ ಮಗಳ ಕೊರಳಿನ ಬೆಳ್ಳುಳ್ಳಿ ಹೂವಿನ ಹಾರವನ್ನು ಕಿತ್ತು ಪ್ರಾಣ ಬಿಡುತ್ತಾಳೆ, ಲೂಸಿ ಮತ್ತೆ ಚೇತರಿಸಿಕೊಳ್ಳುವುದಿಲ್ಲ. ರಕ್ಕಸನಿಗೆ ಅಂದು ದಾರಿ ತೆರೆದದ್ದು ಅರೆಬರೆ ವಿಳಾಸ. ನನ್ನ ಮಟ್ಟಿಗೆ ಈ ಒಂದು ಕಂಸದಷ್ಟು ಭೀಕರವಾದದ್ದು ಕೋಟೆಯ ಅಧ್ಯಾಯಗಳಲ್ಲೂ ಇಲ್ಲ.

ಇದೇ ದೃಷ್ಟಿಯಿಂದ ತಮಗೆ ಬೇಸರ ತಂದ ಪೆಟ್ಟಿಗೆಗಳ ಲೆಕ್ಕವನ್ನೂ ನೋಡಬಹುದು. ಡ್ರಾಕುಲಾ ಹುಟ್ಟೂರಿನ ಮಣ್ಣು ತುಂಬಿದ 50 ಪೆಟ್ಟಿಗೆಗಳೊಂದಿಗೆ ಇಂಗ್ಲೆಂಡಿಗೆ ಬಂದಿಳಿದಿದ್ದಾನೆ; ಆ ಮಣ್ಣಿಲ್ಲದೆ ಅವನಿಗೆ ವಿಶ್ರಾಂತಿಯಿಲ್ಲ. ಹಿಂದೆ ಕೋಟೆಯಲ್ಲಿ ಸೆರೆಯಾಗಿದ್ದ ಯುವ ವಕೀಲ ಜೊನಾಥನ್ ಹಾರ್ಕರ್ ಬಂಡಿಯವರನ್ನು ಹುಡುಕಿ, ಅವರ ಬಾಯಾರಿಕೆಗೆ ಕಾಸು ಕೊಟ್ಟು, ಯಾವ ಪೆಟ್ಟಿಗೆ ಯಾವ ಮನೆ ಸೇರಿತೆಂದು ಬರೆದುಕೊಳ್ಳುತ್ತಾನೆ. ಡ್ರಾಕುಲಾ ಕೊಂಡಿದ್ದ ಮನೆ ಕಾರ್ಫ್ಯಾಕ್ಸ್‌ನಲ್ಲಿ ಉಳಿದದ್ದು 29, ಲಂಡನ್ನಿನ ಪಿಕಡಿಲಿ ಬೀದಿಯ ಮನೆಗೆ ಹೋದದ್ದು 9, ಇನ್ನೆರಡು ಕಡೆ ಆರಾರು. ಪಿಕಡಿಲಿಯ ಬಾಗಿಲು ತೆರೆದಾಗ ಎಂಟೇ ಪೆಟ್ಟಿಗೆ ಸಿಗುತ್ತವೆ, ಉಳಿದ ಒಂದರ ಬೆನ್ನುಹತ್ತಿ ಕಥೆ ಮತ್ತೆ ಅವನ ನಾಡಾದ ಟ್ರಾನ್ಸಿಲ್ವೇನಿಯಾದವರೆಗೆ ಹೋಗುತ್ತದೆ. ಲೆಕ್ಕವಿಲ್ಲದಿದ್ದರೆ ಆ ಒಂದು ಕಡಿಮೆಯಾದದ್ದು ಯಾರಿಗೂ ತಿಳಿಯುತ್ತಿರಲಿಲ್ಲ.

ಕಾಗದದ ಈ ಬಲ ಡ್ರಾಕುಲಾನಿಗೂ ಗೊತ್ತು. ಕೋಟೆಯಲ್ಲಿ ಅವನು ಸೋಫಾದ ಮೇಲೆ ಒರಗಿ ಇಂಗ್ಲೆಂಡಿನ ರೈಲ್ವೆ ವೇಳಾಪಟ್ಟಿ ಓದುತ್ತಿರುವುದನ್ನು ಹಾರ್ಕರ್ ಕಂಡಿದ್ದಾನೆ. ಮುಂದೆ ಸೀವರ್ಡ್ ಮನೆಗೆ ನುಗ್ಗಿದಾಗ ಅವನು ಹಾರ್ಕರ್‌ನ ಹೆಂಡತಿ ಮೀನಾಳ ರಕ್ತ ಹೀರುವುದಷ್ಟೇ ಅಲ್ಲ, ಓದುವ ಕೋಣೆಯ ಹಸ್ತಪ್ರತಿಗಳನ್ನೂ ಸೀವರ್ಡ್ ದನಿಯಲ್ಲಿ ದಿನಚರಿ ದಾಖಲಿಸಿದ್ದ ಫೋನೋಗ್ರಾಫಿನ ಮೇಣದ ಉರುಳೆಗಳನ್ನೂ ಬೆಂಕಿಗೆ ಹಾಕುತ್ತಾನೆ. ಆದರೆ ಮೀನಾ ಎಲ್ಲರ ದಿನಚರಿಗಳನ್ನೂ ತಾರೀಖಿನ ಪ್ರಕಾರ ಜೋಡಿಸಿ, ಕಾರ್ಬನ್ ಇಟ್ಟು ಟೈಪ್ ಮಾಡಿದ್ದಳು. ಇನ್ನೊಂದು ಪ್ರತಿ ತಿಜೋರಿಯಲ್ಲಿ ಭದ್ರವಾಗಿತ್ತು. ಅದಕ್ಕೆ ಮುಂಚೆ ಗಂಡಸರೆಲ್ಲ ಸೇರಿ, ಹೆಂಗಸಿಗೆ ಇಂಥ ಭಯಂಕರ ವಿಷಯ ಬೇಡವೆಂದು ಮೀನಾಳನ್ನು ಸಮಾಲೋಚನೆಯಿಂದ ಹೊರಗಿಟ್ಟಿದ್ದರು. ಅವಳು ಡ್ರಾಕುಲಾನಿಗೆ ಬಲಿಯಾದದ್ದು ಸರಿಯಾಗಿ ಆ ದಿನಗಳಲ್ಲೇ. ಕೊನೆಗೆ ಅವನು ಯಾವ ನದಿಯಲ್ಲಿ ಮರಳುತ್ತಿದ್ದಾನೆಂದು ಊಹಿಸಿ ಹೇಳಿದವಳೂ ಅವಳೇ. ವ್ಯಾನ್ ಹೆಲ್ಸಿಂಗ್ ಬೇಟೆಯ ಮುಂದಾಳಾದರೂ ಬೇಟೆಯ ತಲೆ ಮೀನಾಳದು ಎಂದು ನನ್ನ ಎಣಿಕೆ.

ಹಾಗೆಂದು ಕಾದಂಬರಿ ನಿರ್ದೋಷವೆಂದು ನಾನು ಹೇಳುತ್ತಿಲ್ಲ. ವ್ಯಾನ್ ಹೆಲ್ಸಿಂಗ್ ಅವರ ಭಾಷಣಗಳಿಗೆ ಕತ್ತರಿ ಬೇಕಿತ್ತು. ನಾಲ್ವರು ಗಂಡಸರ ರಕ್ತವನ್ನು ಲೂಸಿಯೊಬ್ಬಳಿಗೇ ಏರಿಸುವ ಪ್ರಸಂಗ ಇಂದಿನ ವೈದ್ಯರಿಗೆ ಡ್ರಾಕುಲಾನಿಗಿಂತ ಹೆಚ್ಚು ಭಯ ಹುಟ್ಟಿಸೀತು. ರಕ್ತದ ಗುಂಪುಗಳು ಆಗಿನ್ನೂ ಪತ್ತೆಯಾಗಿರಲಿಲ್ಲ.

ಹಗಲಿನ ಓಡಾಟ ಎಡವಟ್ಟಲ್ಲ. ಬಿಸಿಲು ತಾಗಿದರೆ ರಕ್ತಪಿಪಾಸು ಸಾಯುತ್ತದೆಂಬ ನಂಬಿಕೆ ಹರಡಿದ್ದು 1922ರ ಜರ್ಮನ್ ಮೂಕಿಚಿತ್ರದಿಂದ. ಸ್ಟೋಕರ್ ಅವರ ಡ್ರಾಕುಲಾ ಹಗಲಿನಲ್ಲಿ ಬೇಕೆಂದಾಗ ರೂಪ ಬದಲಿಸಲಾರ, ಅಷ್ಟೆ. ಅವನಿಗಿರುವ ಕಟ್ಟಳೆಗಳು ಬೇರೆ: ಮನೆಯವರಲ್ಲಿ ಒಬ್ಬರಾದರೂ ಮೊದಲು ಕರೆಯದೆ ಹೊಸ್ತಿಲು ದಾಟುವಂತಿಲ್ಲ, ಹರಿವ ನೀರನ್ನು ಉಬ್ಬರ ಇಳಿತಗಳ ನಿಶ್ಚಿತ ವೇಳೆಯಲ್ಲಲ್ಲದೆ ದಾಟುವಂತಿಲ್ಲ. ಹಿರಣ್ಯಕಶಿಪುವಿನ ವರದ ಷರತ್ತುಗಳನ್ನು ಬಾಯಿಪಾಠ ಬಲ್ಲ ನಮಗೆ ಇದು ಹೊಸದಾಗಿ ಕಾಣಬಾರದು. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ದಿನವೂ ಹಿಂದಕ್ಕೆ ಕಳುಹಿಸಿದ ಊರುಗಳು ನಮ್ಮಲ್ಲೇ ಇವೆ. ಮಿತಿಯಿಲ್ಲದ ರಕ್ಕಸನಿಗೆ ಬೇಟೆಯಿಲ್ಲ, ಅವನೆದುರು ಓಟವೊಂದೇ ಗತಿ.

ಅಂತ್ಯದ ಬಗ್ಗೆ ತಮ್ಮ ಅಸಮಾಧಾನ ನ್ಯಾಯವಾದದ್ದು. ಸತ್ತ ಮೇಲೆ ತಾನೂ ರಕ್ತಪಿಪಾಸುವಾದ ಲೂಸಿಯ ಎದೆಗೆ ಗೂಟ ಹೊಡೆಯುವುದನ್ನು ಅಷ್ಟು ವಿವರವಾಗಿ ಬರೆದ ಲೇಖಕರು, ನವೆಂಬರ್ 6ರ ಸೂರ್ಯಾಸ್ತದ ಹೊತ್ತಿಗೆ ಡ್ರಾಕುಲಾನನ್ನು ಕೆಲವೇ ಸಾಲುಗಳಲ್ಲಿ ಮುಗಿಸುತ್ತಾರೆ. ಹಾರ್ಕರ್‌ನ ಕುಕ್ರಿ ಕತ್ತನ್ನು ಸೀಳುತ್ತದೆ, ಬೇಟೆಯ ಜೊತೆಗಾರ, ಅಮೆರಿಕದ ಕ್ವಿನ್ಸಿ ಮಾರಿಸ್‌ನ ಬೋವಿ ಚಾಕು ಎದೆಗೆ ಇಳಿಯುತ್ತದೆ, ದೇಹ ಪುಡಿಯಾಗಿ ಹೋಗುತ್ತದೆ. ಗೂಟವೂ ಇಲ್ಲ, ಮಂತ್ರವೂ ಇಲ್ಲ. ಪೆಟ್ಟಿಗೆ ಸಿಕ್ಕಿದಾಗಲೇ ಬೇಟೆ ಮುಗಿದಿತ್ತು ಎಂದು ಸ್ಟೋಕರ್ ಭಾವಿಸಿರಬೇಕು. ಆದರೂ ಇನ್ನೆರಡು ಪುಟ ಬರೆದಿದ್ದರೆ ನಷ್ಟವೇನೂ ಆಗುತ್ತಿರಲಿಲ್ಲ.

ಇನ್ನು ಬೇತಾಳನ ಮಾತು. ವಿಕ್ರಮ ಬೇತಾಳರ ಕಥೆಗಳನ್ನು 1870ರಲ್ಲಿ ಇಂಗ್ಲಿಷಿಗೆ ತಂದ ರಿಚರ್ಡ್ ಬರ್ಟನ್ ಅವರನ್ನು ಸ್ಟೋಕರ್ ಭೇಟಿಯಾಗಿದ್ದರು. ಮಾತನಾಡುವಾಗ ಮೇಲ್ದುಟಿ ಸರಿದು ಬರ್ಟನ್ ಅವರ ಕೋರೆಹಲ್ಲು ಕಠಾರಿಯಂತೆ ಹೊಳೆಯಿತೆಂದು ಇರ್ವಿಂಗ್ ಕುರಿತ ನೆನಪುಗಳಲ್ಲಿ ಬರೆದಿದ್ದಾರೆ. ಇದರಿಂದ ಬೇತಾಳನೇ ಡ್ರಾಕುಲಾ ಆದನೆಂದು ವಾದಿಸುವುದು ಅತಿಯಾದೀತು. ನಮ್ಮ ಬೇತಾಳ ರಾಜನ ಹೆಗಲೇರಿ ಒಗಟು ಕೇಳುತ್ತಾನೆ, ಕೊನೆಗೆ ಕಪಟ ಸನ್ಯಾಸಿಯ ಸಂಚು ತಿಳಿಸಿ ರಾಜನ ಪ್ರಾಣ ಉಳಿಸುತ್ತಾನೆ. ಡ್ರಾಕುಲಾನಿಂದ ಅಂಥ ಉಪಕಾರ ಯಾರಿಗೂ ಆಗಿಲ್ಲ.

ತಮ್ಮ ವಿಶ್ವಾಸಿ,
ಸಂಪಾದಕ