ಮಂಡಿಯ ಲೆಕ್ಕವನ್ನೇ ಬರೆಯಲಿ

ಶಿವಮೊಗ್ಗದಿಂದ ತಾಯಿಯೊಬ್ಬರು ಬರೆದಿದ್ದಾರೆ. ಮಗಳು ಎಂ.ಕಾಂ. ಮುಗಿಸಿ ಬೆಂಗಳೂರಿನ ಕಂಪನಿಗಳಿಗೆ ಅರ್ಜಿ ಹಾಕುತ್ತಿದ್ದಾಳೆ. ರಾತ್ರಿ ಊಟವಾದ ಮೇಲೆ ಬ್ರಿಟನ್ನಿನ ‘ದಿ ಅಪ್ರೆಂಟಿಸ್’ ಎಂಬ ಟಿವಿ ರಿಯಾಲಿಟಿ ಸ್ಪರ್ಧೆ ನೋಡುತ್ತಾ ಕೂರುತ್ತಾಳೆ. ಈಗ ತನ್ನ ಬಯೋಡೇಟಾದಲ್ಲಿ ಮಾಡದೇ ಇರುವ ಆರು ತಿಂಗಳ ಇಂಟರ್ನ್‌ಶಿಪ್ ಸೇರಿಸಿದ್ದಾಳೆ. ಕೇಳಿದರೆ, ‘ಅಲ್ಲಿ ಸುಳ್ಳು ಬರೆದವನೇ ಗೆದ್ದನಲ್ಲ’ ಅಂತಾಳಂತೆ. ಅವಳಿಗೆ ಏನು ಹೇಳಲಿ ಎಂಬುದು ತಾಯಿಯ ಪ್ರಶ್ನೆ.

ಸಂಪಾದಕರ ಉತ್ತರ:

ನಿಮ್ಮ ಮಗಳು ಹೇಳಿದ್ದು ನಿಜ. ಅದು 2008ರ ಮಾತು. ಉದ್ಯಮಿ ಅಲನ್ ಶುಗರ್ ಅವರ ಬಳಿ ವರ್ಷಕ್ಕೆ ಒಂದು ಲಕ್ಷ ಪೌಂಡ್ ಸಂಬಳದ ಕೆಲಸಕ್ಕೆ ಪೈಪೋಟಿ. ಗೆದ್ದವರು ಲೀ ಮೆಕ್‌ಕ್ವೀನ್. ಕಾಲೇಜಿನಲ್ಲಿ ಎರಡು ವರ್ಷ ಓದಿದ್ದೆ ಎಂದು ಅವರು ಬರೆದಿದ್ದರು, ಓದಿದ್ದು ನಾಲ್ಕೇ ತಿಂಗಳು. ಸಂದರ್ಶನದ ಸುತ್ತಿನಲ್ಲಿ ಅದು ಬಯಲಾಯಿತು. ಆದರೂ ಕೆಲಸ ಸಿಕ್ಕಿತು.

ಆದರೆ ಆ ಸಂದರ್ಶನ ಯಾವಾಗ ನಡೆಯಿತು ನೋಡಿ. ಹನ್ನೊಂದನೇ ವಾರ. ಅಷ್ಟು ಹೊತ್ತಿಗೆ ಲೀ ಹತ್ತು ಟಾಸ್ಕ್ ಮುಗಿಸಿದ್ದರು. ಒಂದು ವಾರ ಲಂಡನ್ನಿನಲ್ಲಿ ಮೀನು ಮಾರಾಟ, ಮುಂದಿನ ವಾರ ಬಟ್ಟೆ ಒಗೆಯುವ ವ್ಯಾಪಾರ, ಇನ್ನೊಂದು ವಾರ ಮೊರಾಕ್ಕೊದ ಮಾರ್ರಾಕೆಶ್ ಪೇಟೆಯಲ್ಲಿ ಚೌಕಾಸಿ. ಶುಗರ್ ಅವರ ಇಬ್ಬರು ಆಪ್ತರು ತಂಡಗಳ ಹಿಂದೆಯೇ ಓಡಾಡಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಯಾರು ದುಡಿದರು, ಯಾರು ಬರೀ ಮಾತಾಡಿದರು ಅನ್ನೋದು ಯಜಮಾನರಿಗೆ ಗೊತ್ತಿತ್ತು. ಅಂದರೆ ಲೀ ಅವರನ್ನು ಗೆಲ್ಲಿಸಿದ್ದು ಆ ಸುಳ್ಳಲ್ಲ. ಸುಳ್ಳು ಸಿಕ್ಕಿಬಿದ್ದ ಮೇಲೂ ಅವರನ್ನು ಕಾಪಾಡಿದ್ದು ಕಣ್ಣಾರೆ ಕಂಡ ಕೆಲಸ.

ನಿಮ್ಮ ಮಗಳಿಗೆ ಆ ಹತ್ತು ವಾರ ಯಾರು ಕೊಡುತ್ತಾರೆ? ಅವಳ ಎದುರು ಕೂತವರಿಗೆ ಸಿಗೋದು ಇಪ್ಪತ್ತು ನಿಮಿಷ, ಕೈಯಲ್ಲಿ ಒಂದು ಹಾಳೆ. ಆ ಹಾಳೆಯಲ್ಲೇ ಒಂದು ಸಾಲು ಸುಳ್ಳಾದರೆ ಉಳಿದ ಸಾಲುಗಳನ್ನು ಯಾಕೆ ನಂಬಬೇಕು?

ಇಂಥ ಕಾರ್ಯಕ್ರಮಗಳನ್ನು ನೋಡಬೇಡ ಅಂತ ಅವಳಿಗೆ ಹೇಳಬೇಡಿ. ನಾನೂ ನೋಡಿದ್ದೇನೆ. ಅಮೆರಿಕದಲ್ಲಿ 2004ರಲ್ಲಿ ಡೊನಾಲ್ಡ್ ಟ್ರಂಪ್ ಜೊತೆ ಶುರುವಾಗಿದ್ದು, ಮರುವರ್ಷ ಬ್ರಿಟನ್ನಿಗೆ ಬಂತು. ನನಗೆ ನೋವಾಗೋದು ಒಂದೇ ಕಡೆ. ಸೋತ ತಂಡದ ನಾಯಕ ತನ್ನ ಜೊತೆಯವರಲ್ಲಿ ಇಬ್ಬರನ್ನು ಆರಿಸಿ ಮತ್ತೆ ಬೋರ್ಡ್‌ರೂಮಿಗೆ, ಅಂದರೆ ಯಜಮಾನರು ತೀರ್ಪು ಕೊಡುವ ಕೋಣೆಗೆ, ಕರೆತರಬೇಕು. ಸಾಮಾನ್ಯವಾಗಿ ಆ ಮೂವರಲ್ಲಿ ಒಬ್ಬರು ಮನೆಗೆ. ಹಾಗಾಗಿ ಹಿಂದಿನ ದಿನ ಒಟ್ಟಿಗೆ ಬುಟ್ಟಿ ಹೊತ್ತವರೇ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಾರೆ. ಆಟದ ನಿಯಮವೇ ಹಾಗೆ. ಆಫೀಸ್ ಅಂದರೆ ಇದೇ ಅಂತ ಇಪ್ಪತ್ತೆರಡು ವರ್ಷದ ಹುಡುಗಿ ನಂಬಿಬಿಟ್ಟರೆ ಕಷ್ಟ. ಅಷ್ಟೇ ಅಲ್ಲ, 2011ರಿಂದ ಬ್ರಿಟನ್ನಿನ ಆ ಕಾರ್ಯಕ್ರಮದಲ್ಲಿ ಬಹುಮಾನವಾಗಿ ಕೆಲಸ ಕೊಡೋದನ್ನೇ ನಿಲ್ಲಿಸಿದರು. ಈಗ ಸಿಗೋದು ಎರಡೂವರೆ ಲಕ್ಷ ಪೌಂಡ್ ಬಂಡವಾಳ, ವ್ಯಾಪಾರದಲ್ಲಿ ಅರ್ಧ ಪಾಲು ಶುಗರ್ ಅವರದು.

ನಮ್ಮ ಕಚೇರಿಯಲ್ಲೇ ನಡೆದದ್ದು ಹೇಳುತ್ತೇನೆ. ಪುಟ ವಿನ್ಯಾಸ ಗೊತ್ತು ಅಂತ ಬರೆದುಕೊಂಡು ಒಬ್ಬ ಹುಡುಗ ಬಂದ. ಎರಡನೇ ದಿನ ಕಂಪ್ಯೂಟರ್ ಮುಂದೆ ಕೂರಿಸಿದೆವು. ಮೌಸ್ ಮೇಲೆ ಕೈ ಇತ್ತು, ಕೈ ಆಡಲಿಲ್ಲ. ಕಿವಿಯೆಲ್ಲ ಕೆಂಪು. ಮಧ್ಯಾಹ್ನ ಟಿಫಿನ್ ಡಬ್ಬಿ ತೆಗೆದುಕೊಂಡು ಹೊರಗೆ ಹೋದವನು ವಾಪಸ್ ಬರಲಿಲ್ಲ. ಗೊತ್ತಿಲ್ಲ ಅಂದಿದ್ದರೆ ಕಲಿಸುತ್ತಿದ್ದೆವು. ಒಂದು ವಾರದ ಕೆಲಸ ಅದು. ಇವತ್ತಿಗೂ ಆ ಹುಡುಗನ ನೆನಪಾದರೆ ಸಂಕಟವಾಗುತ್ತದೆ.

ಇನ್ನೊಂದು ಮಾತು. ಬೆಂಗಳೂರಿನ ಎಷ್ಟೋ ಕಂಪನಿಗಳು ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್, ಅಂದರೆ ಬಯೋಡೇಟಾದಲ್ಲಿ ಬರೆದದ್ದು ನಿಜವೇ ಎಂಬ ವಿಚಾರಣೆ, ಮಾಡಿಸುತ್ತವೆ. ಕೆಲವೊಮ್ಮೆ ಅದರ ವರದಿ ಬರೋದು ಕೆಲಸಕ್ಕೆ ಸೇರಿದ ಮೇಲೆ. ಕೊಟ್ಟ ಮಾಹಿತಿ ಸುಳ್ಳಾದರೆ ಕೆಲಸದಿಂದ ತೆಗೆಯುತ್ತೇವೆ ಅಂತ ಆಫರ್ ಲೆಟರಿನಲ್ಲಿ ಮೊದಲೇ ಬರೆದಿರುತ್ತಾರೆ. ಪೀಜಿ ಹಿಡಿದು, ಅಡ್ವಾನ್ಸ್ ಕಟ್ಟಿ, ತಿಂಗಳಾದ ಮೇಲೆ ಪೆಟ್ಟಿಗೆ ಹಿಡಿದು ಊರಿಗೆ ಬರೋದು ಬೇಡ.

ನಿಮ್ಮ ಪತ್ರದ ಕೊನೆಯಲ್ಲಿ ಸುಮ್ನೆ ಅನ್ನೋ ಹಾಗೆ ಒಂದು ಸಾಲು ಬರೆದಿದ್ದೀರಿ. ಓದುವಾಗಲೇ ಮಗಳು ಎರಡು ವರ್ಷ ಸೋದರಮಾವನ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದಳು, ಒಮ್ಮೆ ತೂಕದ ಚೀಟಿಗೂ ಬಿಲ್ಲಿಗೂ ಇದ್ದ ವ್ಯತ್ಯಾಸ ಅವಳೇ ಹಿಡಿದಳು ಅಂತ. ಇದು ಬಯೋಡೇಟಾದಲ್ಲಿ ಯಾಕಿಲ್ಲ? ಮಂಡಿ ಅಂದರೆ ಅವಳಿಗೆ ಸಂಕೋಚವೇ? ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಬೇರೆ ಬೇರೆ ದರದ ಮಾಲು, ರೈತರ ಪಟ್ಟಿ, ಮುಂಗಡ, ಜಿಎಸ್‌ಟಿ ಬಿಲ್ಲು. ಇದನ್ನೆಲ್ಲ ಎರಡು ವರ್ಷ ನಿಭಾಯಿಸಿದವಳಿಗೆ ಇಲ್ಲದ ಇಂಟರ್ನ್‌ಶಿಪ್ ಯಾಕೆ ಬೇಕು?

ಆ ಆರು ತಿಂಗಳ ಸಾಲು ಅಳಿಸಲಿ. ಅದೇ ಜಾಗದಲ್ಲಿ ಮಂಡಿಯ ಕೆಲಸ ಬರೆಯಲಿ, ಯಾವ ವರ್ಷದಿಂದ ಯಾವ ವರ್ಷದವರೆಗೆ ಅಂತ ಸಮೇತ. ಮಾವನವರಿಂದ ಅಂಗಡಿಯ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ತೆಗೆದುಕೊಳ್ಳಲಿ. ಸಂದರ್ಶನದಲ್ಲಿ ಕೇಳಿದರೆ, ಆ ತೂಕದ ವ್ಯತ್ಯಾಸ ಹೇಗೆ ಕಣ್ಣಿಗೆ ಬಿತ್ತು ಅನ್ನೋದನ್ನು ನಡೆದ ಹಾಗೆಯೇ ಹೇಳಲಿ. ಬಯೋಡೇಟಾ ತಿದ್ದಿದ ಮೇಲೆ ಬೇಕಾದರೆ ನಮಗೊಂದು ಪ್ರತಿ ಕಳಿಸಿ, ಓದಿ ನೋಡುತ್ತೇನೆ.