ಎಮರ್ಸನ್, ಲೇಕ್ ಅಂಡ್ ಪಾಮರ್ ಬ್ಯಾಂಡ್ ಮುಳುಗಿದ್ದು ಪಂಕ್ ರಾಕ್‌ನಿಂದಲೇನಾ? ಹೊಸಬರು ಎಲ್ಲಿಂದ ಕೇಳಲು ಶುರು ಮಾಡಬೇಕು?

ನೀವು ಕೇಳಿದ್ದು ಎರಡು ಪ್ರಶ್ನೆ. ಎರಡನೆಯದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲನೆಯದಕ್ಕೆ ನನ್ನ ಉತ್ತರ, ಅಲ್ಲ. 1970ರ ದಶಕದ ಈ ಇಂಗ್ಲಿಷ್ ರಾಕ್ ಬ್ಯಾಂಡಿನದು ಉದ್ದುದ್ದ, ಆಡಂಬರದ ಸಂಗೀತ. ಅಂಥದ್ದಕ್ಕೆ ತಿರುಗಿಬಿದ್ದ ಚಿಕ್ಕ, ಒರಟು ಹಾಡುಗಳ ಅಲೆಯೇ ಪಂಕ್. ಅದು ಬರದೇ ಇದ್ದಿದ್ದರೂ ಇವರು ಒಡೆಯುತ್ತಿದ್ದರು. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವುದನ್ನು ಹತ್ತಿರದಿಂದ ನೋಡಿದವರಿಗೆ ಇವರ ಕಥೆ ಹೊಸದು ಅನ್ನಿಸುವುದಿಲ್ಲ.

ನಾನು ವಿಮರ್ಶಕ ಅಲ್ಲ. ಸುಮಾರು ಇಪ್ಪತ್ತು ವರ್ಷ ರಸಮಂಜರಿ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿದವನು. ಗಣೇಶನ ಹಬ್ಬ, ರಾಜ್ಯೋತ್ಸವ, ಊರ ಜಾತ್ರೆ, ಇಂಥವು. ಇವರ ಪರಿಚಯ ಆಗಿದ್ದು ಗೆಳೆಯನೊಬ್ಬ ರೆಕಾರ್ಡ್ ಮಾಡಿ ಕೊಟ್ಟ ಕ್ಯಾಸೆಟ್ಟಿನಿಂದ. ಹಾಕಿದರೆ ಇಪ್ಪತ್ತು ನಿಮಿಷವಾದರೂ ಒಂದೇ ಹಾಡು ಮುಗಿಯಲಿಲ್ಲ. ಆಮೇಲೆ ಗೊತ್ತಾಯಿತು, ಅದು 1971ರ 'ಟಾರ್ಕಸ್' ಅಂತ. ಎಲ್‌ಪಿ ರೆಕಾರ್ಡಿನ ಒಂದು ಇಡೀ ಬದಿಯೇ ಅದು.

ಈ ಮೂವರೂ ಬೇರೆ ಬೇರೆ ಕಡೆ ಹೆಸರು ಮಾಡಿ ಬಂದವರು. ಅದಕ್ಕೇ ಸೂಪರ್‌ಗ್ರೂಪ್ ಅನ್ನುವುದು. ಕೀತ್ ಎಮರ್ಸನ್ 'ದಿ ನೈಸ್' ಬ್ಯಾಂಡಿನ ಕೀಬೋರ್ಡ್ ಹುಲಿ. ಗ್ರೆಗ್ ಲೇಕ್ 'ಕಿಂಗ್ ಕ್ರಿಮ್ಸನ್'ನ ಗಾಯಕ, ಬೇಸ್ ಗಿಟಾರನ್ನೂ ನುಡಿಸುತ್ತಿದ್ದವನು. 1969ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್ ವೆಸ್ಟ್‌ನಲ್ಲಿ ಎರಡೂ ಬ್ಯಾಂಡುಗಳ ಕಾರ್ಯಕ್ರಮ ಒಟ್ಟಿಗೆ ಇತ್ತು. ಅಲ್ಲೇ ಇಬ್ಬರಿಗೂ ಕೂಡಿ ಬಂತು. ಡ್ರಮ್ಮರ್ ಹುಡುಕಾಟದಲ್ಲಿ ಮೊದಲು ಮಾತಾಡಿಸಿದ್ದು ಹೆಸರಾಂತ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಜೊತೆಗಿದ್ದ ಮಿಚ್ ಮಿಚೆಲ್‌ನನ್ನು. ಅಷ್ಟಕ್ಕೇ ಹೆಂಡ್ರಿಕ್ಸೂ ಸೇರಿಕೊಳ್ಳುತ್ತಾನೆ ಅಂತ ಪತ್ರಿಕೆಗಳು ಗಾಳಿಸುದ್ದಿ ಹಬ್ಬಿಸಿದವು. ಕೊನೆಗೆ ಬಂದವನು 'ಅಟಾಮಿಕ್ ರೂಸ್ಟರ್'ನ ಕಾರ್ಲ್ ಪಾಮರ್. ಇಪ್ಪತ್ತು ವರ್ಷದ ಹುಡುಗ.

ಹೆಸರಿಡುವಾಗಲೇ ನೋಡಿ. ಬ್ಯಾಂಡಿಗೆ ಅಂತ ಒಂದು ಹೆಸರು ಇಡಲಿಲ್ಲ, ಮೂವರ ಹೆಸರನ್ನೂ ಸಾಲಾಗಿ ಬರೆದರು, ಆಡಿಟರ್ ಆಫೀಸಿನ ಬೋರ್ಡಿನ ಹಾಗೆ. ಮೊದಲ ಆಲ್ಬಮ್ಮಿನಲ್ಲೂ ಅದೇ ಲೆಕ್ಕ. ಎಮರ್ಸನ್‌ಗೆ ಆರ್ಗನ್ನು, ಪಿಯಾನೋ ಮೆರೆಸಲು ಒಂದು, ಪಾಮರ್‌ಗೆ ಡ್ರಮ್ ಸೋಲೋ ಇರುವ ಒಂದು, ಲೇಕ್‌ಗೆ ಗಿಟಾರ್ ಹಿಡಿದು ಹಾಡಲು ಒಂದು.

ಆ ಲೇಕ್ ಹಾಡಿನ ಕಥೆ ಹೇಳಲೇಬೇಕು. ಆಲ್ಬಮ್ ತುಂಬಲು ಇನ್ನೊಂದು ಹಾಡು ಬೇಕಿತ್ತು. ಅಮ್ಮ ಕೊಡಿಸಿದ ಗಿಟಾರಿನಲ್ಲಿ ಹನ್ನೆರಡನೇ ವಯಸ್ಸಿಗೇ ಕಟ್ಟಿದ್ದ ಒಂದು ಹಾಡನ್ನು ಲೇಕ್ ಹೊರತೆಗೆದ. ಅದೇ 'ಲಕ್ಕಿ ಮ್ಯಾನ್'. ಹಾಡೆಲ್ಲ ರೆಕಾರ್ಡ್ ಆದಮೇಲೆ ಕೊನೆಗೆ ಏನೋ ಕಡಿಮೆ ಅನ್ನಿಸಿತು. ಸ್ಟುಡಿಯೋದಲ್ಲಿ ಆಗಷ್ಟೇ ಬಂದಿದ್ದ ಮೂಗ್ ಸಿಂಥಸೈಜರ್, ಅಂದರೆ ಕರೆಂಟಿನಿಂದಲೇ ಸ್ವರ ಹುಟ್ಟಿಸುವ ಕೀಬೋರ್ಡ್ ಯಂತ್ರ, ಇತ್ತು. ಎಮರ್ಸನ್ ಟ್ರಯಲ್ ನೋಡೋಣ ಅಂತ ನುಡಿಸಿದ. ಅದನ್ನೇ ಉಳಿಸಿಕೊಂಡರು.

ಮೂಗ್‌ನಲ್ಲಿ ಕೊಳಲಿನ ಹಾಗೆ ಒಂದು ಸಲಕ್ಕೆ ಒಂದೇ ಸ್ವರ. ಎರಡು ಕೀ ಒತ್ತಿದರೂ ಒಂದೇ ಕೇಳುತ್ತದೆ. ಆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸಬಹುದು, ನಮ್ಮ ವೀಣೆಯಲ್ಲಿ ಜಾರು ಹಾಕಿದ ಹಾಗೆ. 'ಲಕ್ಕಿ ಮ್ಯಾನ್' ಕೊನೆಯಲ್ಲಿ ಕೇಳುವುದು ಆ ಜಾರುವಿಕೆಯನ್ನೇ. ನೆಲದಡಿಯಿಂದ ಏನೋ ಎದ್ದು ಬಂದ ಹಾಗೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಮೆತ್ತಗೆ ಹೋಗುತ್ತಿದ್ದ ಹಳ್ಳಿಹಾಡಿನಂಥ ಧಾಟಿಗೆ ಇದು ಅಂಟುವುದೇ ಇಲ್ಲ, ಆದರೂ ಆ ಹಾಡನ್ನು ಜನ ನೆನಪಿಡುವುದೇ ಅದರಿಂದ. ಆ ಕಾಲದಲ್ಲಿ ಅಂಥ ಯಂತ್ರವನ್ನು ಸ್ಟೇಜಿಗೆ ಹೊತ್ತುಕೊಂಡು ಹೋಗುವ ಧೈರ್ಯ ಮಾಡಿದ ಮೊದಲಿಗರಲ್ಲಿ ಎಮರ್ಸನ್ ಒಬ್ಬ. ಸ್ಟೇಜ್ ಬಿಸಿಯಾದರೆ ಅದರ ಶ್ರುತಿ ಹೋಗುತ್ತಿತ್ತು. ಈಗಿನ ಕೀಬೋರ್ಡಿನಲ್ಲಿ ಬಟನ್ ಒತ್ತಿ ಕೂತವರಿಗೆ ಆ ಕಷ್ಟ ಗೊತ್ತಾಗುವುದಿಲ್ಲ ಬಿಡಿ.

ಇನ್ನು ಎಮರ್ಸನ್ ಸ್ಟೇಜಿನಲ್ಲಿ ಬಳಸುತ್ತಿದ್ದ ಚಾಕು. ಹಾರ್ಮೋನಿಯಂನಲ್ಲಿ ಶ್ರುತಿ ನಿಲ್ಲಿಸಲು ಎರಡು ಮನೆಗಳ ಮಧ್ಯೆ ಬೆಂಕಿಕಡ್ಡಿ ಸಿಕ್ಕಿಸುವುದನ್ನು ನೋಡಿರುತ್ತೀರಿ, ಅಲ್ವಾ? ಎಮರ್ಸನ್ ಮಾಡುತ್ತಿದ್ದದ್ದೂ ಅದೇ ಕೆಲಸ. ಆದರೆ ಬೆಂಕಿಕಡ್ಡಿ ಬದಲು ಕಠಾರಿ. ಹ್ಯಾಮಂಡ್ ಆರ್ಗನ್ನಿನ ಕೀಗಳ ನಡುವೆ ಅದನ್ನು ಚುಚ್ಚಿ, ಸ್ವರ ಮೊಳಗುತ್ತಿರುವಾಗಲೇ ಆರ್ಗನ್ ಮೇಲೆ ಹತ್ತಿ, ಅದನ್ನು ಎಳೆದಾಡಿ, ಹಿಂದಿನಿಂದ ಬಗ್ಗಿ ತಲೆಕೆಳಗಾಗಿ ನುಡಿಸುತ್ತಿದ್ದ. ಆ ಚಾಕು ಕೊಟ್ಟವನು 'ದಿ ನೈಸ್' ಕಾಲದಲ್ಲಿ ಸಾಮಾನು ಹೊರುತ್ತಿದ್ದ ಲೆಮ್ಮಿ. ಮುಂದೆ 'ಮೋಟರ್‌ಹೆಡ್' ಕಟ್ಟಿದನಲ್ಲ, ಅವನೇ.

ಇವರ ಎರಡನೇ ಕಾರ್ಯಕ್ರಮವೇ 1970ರ ಆಗಸ್ಟ್ 29ರ ಐಲ್ ಆಫ್ ವೈಟ್ ಉತ್ಸವ. ಮೊದಲನೆಯದು ಪ್ಲಿಮತ್‌ನಲ್ಲಿ, ಬರೀ ಆರು ದಿನ ಮುಂಚೆ. ಅಷ್ಟು ದೊಡ್ಡ ಜನಸಾಗರದ ಮುಂದೆ ಫಿರಂಗಿ ಹಾರಿಸಿ ಕಾರ್ಯಕ್ರಮ ಮುಗಿಸಿದರು. ಬೆಳಗಾಗುವಷ್ಟರಲ್ಲಿ ಸ್ಟಾರ್‌ಗಳು. ಬಿಬಿಸಿ ರೇಡಿಯೋದ ಜಾನ್ ಪೀಲ್ ಮಾತ್ರ ಇವರ ಬಗ್ಗೆ ಪ್ರತಿಭೆಯೂ ದಂಡ, ಕರೆಂಟೂ ದಂಡ ಅನ್ನುವ ಅರ್ಥದ ಮಾತಾಡಿದ. ಆ ಮಾತು ಇವತ್ತಿಗೂ ಇವರ ಬೆನ್ನು ಬಿಟ್ಟಿಲ್ಲ.

ಬಿರುಕು ಎರಡನೇ ಆಲ್ಬಮ್‌ನಲ್ಲೇ ಕಾಣುತ್ತದೆ. 'ಟಾರ್ಕಸ್' ಶುರುವಾಗುವುದು ಐದರ ಲೆಕ್ಕದಲ್ಲಿ. 'ತಕ ತಕಿಟ' ಅಂತ ಎಣಿಸಿಕೊಂಡು ಕೇಳಿ, ಕೂರುತ್ತದೆ. ಪಾಮರ್ ಸುಮ್ನೆ ಬಾರಿಸುತ್ತಿದ್ದ ಲಯಗಳನ್ನು ಹಿಡಿದು ಎಮರ್ಸನ್ ಕಟ್ಟಿದ್ದು ಅದು. ಲೇಕ್‌ಗೆ ಹಿಡಿಸಲಿಲ್ಲ. ಇಂಥದ್ದೆಲ್ಲ ನಿನ್ನ ಸ್ವಂತ ಆಲ್ಬಮ್‌ನಲ್ಲಿ ಮಾಡಿಕೋ ಅನ್ನುವ ಮಟ್ಟಕ್ಕೆ ಹೋಯಿತು. ಮಧ್ಯಸ್ಥಿಕೆ ನಡೆದು ಲೇಕ್ ಒಪ್ಪಿದ. ಟ್ಯಾಂಕಿನ ಚಕ್ರ ಇರುವ ಆರ್ಮಡಿಲೋ ಪ್ರಾಣಿಯ ಚಿತ್ರ ಹೊತ್ತ ಆ ಆಲ್ಬಮ್ ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತು. ಗೆದ್ದರೆ ಯಾರೂ ಜಗಳ ಮುಂದುವರಿಸುವುದಿಲ್ಲ.

ಮುಂದಿನ ಮೂರು ವರ್ಷ ಇವರದೇ. ರಷ್ಯಾದ ಹಳೆಯ ಸಂಗೀತಕಾರ ಮುಸೋರ್‌ಗ್‌ಸ್ಕಿಯ 'ಪಿಕ್ಚರ್ಸ್ ಅಟ್ ಆ್ಯನ್ ಎಕ್ಸಿಬಿಷನ್' ಅನ್ನು ನ್ಯೂಕಾಸಲ್ ಸಿಟಿ ಹಾಲ್‌ನಲ್ಲಿ ಲೈವ್ ಆಗಿ ನುಡಿಸಿ ಕಡಿಮೆ ಬೆಲೆಗೆ ಮಾರಿದರು. 1972ರಲ್ಲಿ 'ಟ್ರಿಲಜಿ'. 1973ರಲ್ಲಿ 'ಬ್ರೇನ್ ಸಲಾಡ್ ಸರ್ಜರಿ', ಎಚ್. ಆರ್. ಗೀಗರ್ ಬರೆದ ಭಯ ಹುಟ್ಟಿಸುವ ಕವರ್‌ನೊಂದಿಗೆ. ನನ್ನ ಪ್ರಕಾರ ಇವರ ಅತ್ಯುತ್ತಮ ಕೆಲಸ ಅದೇ. ಅದಕ್ಕಾಗಿ ಅರ್ಜೆಂಟೀನಾದ ಸಂಗೀತಕಾರ ಹಿನಾಸ್ಟೆರಾ ಅವರ ಪಿಯಾನೋ ಕಾನ್ಸರ್ಟೋ (ಪಿಯಾನೋ ಮತ್ತು ವಾದ್ಯವೃಂದ ಕೂಡಿ ನುಡಿಸುವ ದೊಡ್ಡ ಕೃತಿ) ಒಂದರ ಭಾಗವನ್ನು ಸಿಂಥಸೈಜರ್‌ಗೆ ಒಗ್ಗಿಸಿದ ಎಮರ್ಸನ್, ಅನುಮತಿ ಕೇಳಲು ಜಿನೀವಾಕ್ಕೇ ಹೋಗಿ ಅವರ ಮುಂದೆ ಟೇಪ್ ಹಾಕಿದ. ಹಿರಿಯರು ಖುಷಿಯಾಗಿ ಒಪ್ಪಿದರು.

ಜೊತೆಜೊತೆಗೇ ಸಾಮಾನೂ ಬೆಳೆಯಿತು. ಪಾಮರ್‌ಗೆ ಸ್ಟೇನ್‌ಲೆಸ್ ಸ್ಟೀಲಿನ ಡ್ರಮ್ ಸೆಟ್, ಮೈತುಂಬ ಕೆತ್ತನೆ. ತಿರುಗುವ ಕಟ್ಟೆ ಸೇರಿ ಅದರ ತೂಕ ಎರಡು ಟನ್ನಿಗೂ ಜಾಸ್ತಿ. ಲೇಕ್ ನಿಲ್ಲಲು ಪರ್ಷಿಯನ್ ಕಾರ್ಪೆಟ್. ಎಮರ್ಸನ್ ಬಿಟ್ಟಾನೆಯೇ? 1974ರ ಏಪ್ರಿಲ್ 6ರಂದು ಕ್ಯಾಲಿಫೋರ್ನಿಯಾ ಜ್ಯಾಮ್ ಅನ್ನುವ ಸಂಗೀತೋತ್ಸವದಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಜನರ ಮುಂದೆ, ಗ್ರ್ಯಾಂಡ್ ಪಿಯಾನೋ ಸಮೇತ ಗಾಳಿಯಲ್ಲಿ ಎದ್ದು ಪಲ್ಟಿ ಹೊಡೆದ. ಸೀಟಿಗೆ ಬೆಲ್ಟ್ ಕಟ್ಟಿಕೊಂಡು, ತಲೆಕೆಳಗಾದಾಗಲೂ ಕೀಗಳ ಮೇಲೆ ಕೈಯಾಡಿಸುತ್ತ. ಆ ಪಿಯಾನೋ ಒಳಗೆ ತಂತಿಗಿಂತಿ ಏನೂ ಇಲ್ಲದ ಖಾಲಿ ಡಬ್ಬ. ಜಾತ್ರೆಯ ತೊಟ್ಟಿಲಿನ ಪಕ್ಕ ಸ್ಟೇಜ್ ಹಾಕಿಸಿಕೊಂಡು ನುಡಿಸಿದ ನನಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಜನ ನೋಡಲೂ ಬಂದಿರುತ್ತಾರೆ.

ಆಮೇಲೆ ಎರಡು ವರ್ಷಕ್ಕೂ ಹೆಚ್ಚು ಬಿಡುವು. ಮೂವರೂ ಒಂದೊಂದು ಸ್ವಂತ ಆಲ್ಬಮ್ ಮಾಡುವ ಯೋಚನೆಯಲ್ಲಿದ್ದರು. ಕೊನೆಗೆ 1977ರಲ್ಲಿ ಬಂದದ್ದು 'ವರ್ಕ್ಸ್'. ನನ್ನ ವಾದವೆಲ್ಲ ನಿಂತಿರುವುದು ಈ ಆಲ್ಬಮ್ ಮೇಲೆ. ಎರಡು ರೆಕಾರ್ಡ್, ನಾಲ್ಕು ಬದಿ. ಮೊದಲನೆಯದು ಎಮರ್ಸನ್‌ದು, ಎರಡನೆಯದು ಲೇಕ್‌ದು, ಮೂರನೆಯದು ಪಾಮರ್‌ದು. ನಾಲ್ಕನೇ ಬದಿಯಲ್ಲಿ ಮಾತ್ರ ಮೂವರೂ ಒಟ್ಟಿಗೆ. ಇದಕ್ಕಿಂತ ಸ್ಪಷ್ಟವಾದ ಪಾಲುಪಟ್ಟಿ ಬೇಕಾ? ಎಲ್ಲರಿಗೂ ಒಂದೊಂದು ಕೋಣೆ, ಉಳಿದ ಅಂಗಳ ಜಂಟಿ.

ಎಮರ್ಸನ್ ತನ್ನ ಪಾಲಿನಲ್ಲಿ ಪೂರ್ತಿ ಪಿಯಾನೋ ಕಾನ್ಸರ್ಟೋ ಬರೆದು ಲಂಡನ್ ಫಿಲ್‌ಹಾರ್ಮೋನಿಕ್ ಜೊತೆ ನುಡಿಸಿದ. ಆ ವಾದ್ಯವೃಂದವನ್ನು ನಡೆಸಿದವರು ಯಾರು ಗೊತ್ತಾ? ಜಾನ್ ಮೇಯರ್, ನಮ್ಮ ಕಲ್ಕತ್ತಾದಲ್ಲಿ ಹುಟ್ಟಿದವರು. ಪಿಟೀಲು ಹಿಡಿದು ಲಂಡನ್ನಿಗೆ ಹೋಗಿ, 1960ರ ದಶಕದಲ್ಲಿ ಸ್ಯಾಕ್ಸೋಫೋನ್ ವಾದಕ ಜೋ ಹ್ಯಾರಿಯಟ್ ಜೊತೆ 'ಇಂಡೋ-ಜಾಝ್ ಫ್ಯೂಷನ್ಸ್' ತಂಡ ಕಟ್ಟಿದ ಮನುಷ್ಯ. ಕವರ್‌ನಲ್ಲಿ ಆ ಹೆಸರು ಓದಿ ನಾನು ಬಹಳ ವರ್ಷ ಯಾರೋ ಇಂಗ್ಲಿಷರವರು ಅಂದುಕೊಂಡಿದ್ದೆ.

ಆದರೆ ಆ ನಾಲ್ಕು ಬದಿಗಳಲ್ಲಿ ಜನ ಎತ್ತಿಕೊಂಡದ್ದು ಯಾವುದನ್ನು? ಅಂಗಳವನ್ನೇ. ನಾಲ್ಕನೇ ಬದಿಯ 'ಫ್ಯಾನ್‌ಫೇರ್ ಫಾರ್ ದಿ ಕಾಮನ್ ಮ್ಯಾನ್', ಅಮೆರಿಕದ ಆ್ಯರನ್ ಕೋಪ್‌ಲ್ಯಾಂಡ್ ಅವರ ಕೃತಿ. ಎಮರ್ಸನ್ ಅದನ್ನು ನುಡಿಸತೊಡಗಿದಾಗ ಉಳಿದಿಬ್ಬರು ಶಫಲ್ ಲಯ ಹಿಡಿದು ಹಿಂದೆ ಬಿದ್ದರು. ಬ್ರಿಟನ್ನಿನಲ್ಲಿ ಎರಡನೇ ಸ್ಥಾನಕ್ಕೆ ಹೋಯಿತು. ಪಂಕ್ ಜ್ವರ ನೆತ್ತಿಗೇರಿದ್ದ 1977ರಲ್ಲೇ, ಗಮನಿಸಿ. ಅದರ ವಿಡಿಯೋ ನೋಡಿ. ಮಾಂಟ್ರಿಯಲ್‌ನ ಒಲಿಂಪಿಕ್ ಸ್ಟೇಡಿಯಂ, ಎಲ್ಲೆಲ್ಲೂ ಹಿಮ, ಒಬ್ಬ ಪ್ರೇಕ್ಷಕನೂ ಇಲ್ಲ. ದಪ್ಪ ಕೋಟು ಹಾಕಿಕೊಂಡ ಮೂವರು ಚಳಿಯಲ್ಲಿ ನುಡಿಸುತ್ತಿದ್ದಾರೆ. ಪಾಲಾದ ಮೇಲೂ ಒಲೆ ಮುಂದೆ ಒಟ್ಟಿಗೆ ಕೂತವರ ಹಾಗೆ ಕಾಣುತ್ತಾರೆ.

ಅದೇ ವರ್ಷ ಸುಮಾರು 70 ಜನರ ಆರ್ಕೆಸ್ಟ್ರಾ ಕಟ್ಟಿಕೊಂಡು ಅಮೆರಿಕ ಸುತ್ತಲು ಹೊರಟರು. ನಮ್ಮಲ್ಲಿ ಹನ್ನೆರಡು ಜನರ ಟ್ರೂಪನ್ನು ಒಂದು ಮಿನಿಬಸ್ಸಿನಲ್ಲಿ ಕರೆದೊಯ್ದು, ಊಟ ಹಾಕಿಸಿ, ಪೇಮೆಂಟ್ ಕೊಡುವಷ್ಟರಲ್ಲಿ ಮ್ಯಾನೇಜರ್ ಹೈರಾಣಾಗುತ್ತಿದ್ದ. ಒಮ್ಮೆ ಕಮಿಟಿಯವರು ಅರ್ಧ ಹಣ ಕೊಟ್ಟು ಕೈ ತೊಳೆದುಕೊಂಡಾಗ ಎಲ್ಲರೂ ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ ಕಳೆದಿದ್ದೇವೆ. 70 ಜನರ ಖರ್ಚು ಊಹಿಸಿಕೊಳ್ಳಿ. ಕೆಲವು ವಾರಗಳಲ್ಲೇ ಆರ್ಕೆಸ್ಟ್ರಾ ಬಿಟ್ಟು ಮೂವರೇ ಮುಂದುವರಿಯಬೇಕಾಯಿತು. ಆಗಸ್ಟ್ 26ರಂದು ಆ ಹಿಮದ ಸ್ಟೇಡಿಯಂಗೇ ಮರಳಿ, ಆರ್ಕೆಸ್ಟ್ರಾ ಸಮೇತ, ಭರ್ತಿ ಜನರ ಮುಂದೆ ನುಡಿಸಿದರು. ಅದು ದೊಡ್ಡ ರಾತ್ರಿ ನಿಜ, ಆದರೆ ಅಷ್ಟರಲ್ಲಿ ಗಲ್ಲಾಪೆಟ್ಟಿಗೆ ಬರಿದಾಗಿತ್ತು.

ಉಳಿದದ್ದು ಬೇಗ ಹೇಳುತ್ತೇನೆ. ಕರಾರಿನ ಪ್ರಕಾರ ಇನ್ನೊಂದು ಆಲ್ಬಮ್ ಕೊಡಬೇಕಿತ್ತು. 1978ರಲ್ಲಿ ಬಹಾಮಾಸ್‌ನಲ್ಲಿ ಕೂತು 'ಲವ್ ಬೀಚ್' ಮಾಡಿದರು. ತಮ್ಮ ಭಾಗ ಮುಗಿಸಿ ಲೇಕ್, ಪಾಮರ್ ಹೊರಟರು. ಎಮರ್ಸನ್ ಒಬ್ಬನೇ ಕೂತು ಮುಗಿಸಿದ. ಮರುವರ್ಷ ಬ್ಯಾಂಡ್ ಇಲ್ಲ. ಪಾಮರ್ ಇನ್ನೊಂದು ಸೂಪರ್‌ಗ್ರೂಪ್ 'ಏಷ್ಯಾ' ಸೇರಿದ. ಅದರ 1982ರ ಮೊದಲ ಆಲ್ಬಮ್ ಅಮೆರಿಕದಲ್ಲಿ ಒಂಬತ್ತು ವಾರ ನಂಬರ್ ಒನ್. ಚಿಕ್ಕ ಹಾಡು, ಚುರುಕು ಹಾಡು, ಕಮ್ಮಿ ಜಗಳ. ಎಮರ್ಸನ್, ಲೇಕ್ ಇಬ್ಬರೂ ಡ್ರಮ್ಮರ್ ಕೋಜಿ ಪೊವೆಲ್ ಜೊತೆ 1986ರಲ್ಲಿ ಒಂದು ಆಲ್ಬಮ್ ತಂದರು. ಪಾಮರ್ ಹೋದರೂ ಪೊವೆಲ್‌ನಿಂದ ಉಳಿದ 'ಪಿ' ಅಕ್ಷರ ಕಾಕತಾಳೀಯ ಅಂತ ತಮಾಷೆ ಮಾಡಿಕೊಂಡೇ. 1992ರಲ್ಲಿ ಮೂವರೂ ಮತ್ತೆ ಸೇರಿ 'ಬ್ಲ್ಯಾಕ್ ಮೂನ್' ಮಾಡಿದರು. ಅಷ್ಟು ಹೊತ್ತಿಗೆ ಲೇಕ್ ದನಿ ಇಳಿದಿತ್ತು. ಮರುವರ್ಷ ಎಮರ್ಸನ್‌ನ ಬಲಗೈ ನರ ಕೈಕೊಟ್ಟು ಆಪರೇಷನ್ ಆಯಿತು. 1998ರಲ್ಲಿ, ಹೊಸ ಆಲ್ಬಮ್ ಯಾರು ಪ್ರೊಡ್ಯೂಸ್ ಮಾಡಬೇಕು ಅನ್ನುವ ಜಗಳದಲ್ಲಿ ಮತ್ತೆ ಬೇರೆಯಾದರು. ನೋಡಿ, ಮತ್ತೆ ಯಜಮಾನಿಕೆಯದೇ ಗಲಾಟೆ. 2010ರ ಜುಲೈನಲ್ಲಿ ಲಂಡನ್ನಿನ ವಿಕ್ಟೋರಿಯಾ ಪಾರ್ಕ್‌ನಲ್ಲಿ ಒಂದೇ ಒಂದು ಕಾರ್ಯಕ್ರಮ. ಅದೇ ಕೊನೆ.

2016ರ ಮಾರ್ಚ್‌ನಲ್ಲಿ ಎಮರ್ಸನ್ ಸಾಂಟಾ ಮೋನಿಕಾದ ಮನೆಯಲ್ಲಿ ಜೀವ ಕಳೆದುಕೊಂಡ. ಆ ಕೈ ಅವನನ್ನು ಬಹಳ ಕಾಡಿತ್ತು. ಅದೇ ಡಿಸೆಂಬರ್‌ನಲ್ಲಿ ಕ್ಯಾನ್ಸರ್‌ನಿಂದ ಲೇಕ್ ತೀರಿಕೊಂಡ. ಪಾಮರ್ ಇನ್ನೂ ನುಡಿಸುತ್ತಿದ್ದಾನೆ. 1992ರಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಚಿತ್ರೀಕರಿಸಿದ ಎಮರ್ಸನ್, ಲೇಕ್ ಇಬ್ಬರನ್ನೂ ಪರದೆಯ ಮೇಲೆ ಹಾಕಿ, ಅವರಿಗೆ ಸರಿಯಾಗಿ ತಾನು ಲೈವ್ ಡ್ರಮ್ಸ್ ಹಿಡಿಯುತ್ತಾನೆ. ಪರದೆಯಲ್ಲಿರುವವರು ಅವನಿಗಾಗಿ ಕಾಯುವುದಿಲ್ಲ. ಅವನೇ ಅವರ ಲಯಕ್ಕೆ ಹೋಗಬೇಕು. ನಾನು ಅದರ ತುಣುಕುಗಳನ್ನು ನೋಡಿದ್ದೇನೆ, ಪೂರ್ತಿ ನೋಡಲು ಆಗಲಿಲ್ಲ.

ಇನ್ನು ಎಲ್ಲಿಂದ ಶುರು ಮಾಡಬೇಕು ಅಂದರೆ, ಮೊದಲು 'ಲಕ್ಕಿ ಮ್ಯಾನ್', ಹೆಡ್‌ಫೋನ್ ಹಾಕಿಕೊಂಡು, ಕೊನೆಯವರೆಗೂ. ಇಷ್ಟವಾದರೆ 'ಟ್ರಿಲಜಿ'ಯ 'ಫ್ರಮ್ ದಿ ಬಿಗಿನಿಂಗ್'. ಆಮೇಲೆ ಹಿಮದ ವಿಡಿಯೋ. ಒಂದು ವಾರ ಬಿಟ್ಟು 'ಟಾರ್ಕಸ್', ಐದು ಎಣಿಸುತ್ತಾ. ತಲೆನೋವು ಬರದಿದ್ದರೆ 'ಬ್ರೇನ್ ಸಲಾಡ್ ಸರ್ಜರಿ' ಪೂರ್ತಿ ಕೇಳಿ. 'ಲವ್ ಬೀಚ್' ಬೇಡ. ಕುತೂಹಲ ತಡೆಯಲಾಗದಿದ್ದರೆ ಕವರ್ ಮಾತ್ರ ನೋಡಿ. ಅಂಗಿ ಗುಂಡಿ ಬಿಚ್ಚಿಕೊಂಡು ಬೀಚಿನಲ್ಲಿ ಹಲ್ಲು ಕಿರಿಯುತ್ತಾ ನಿಂತಿದ್ದಾರೆ ಮೂವರೂ.